ಕವಿಗೆ ಆಡಳಿತ ಒಗ್ಗುತ್ತದೆಯೇ?

ಕುವೆಂಪು ಕುಲಪತಿಯಾಗಿದ್ದದ್ದು ಕೇವಲ ಗೌರವದ ಹುದ್ದೆಯೇ, ಏನಾದರೂ ಕೆಲಸ ನಡೆಯಿತೇ ಎಂದು ಕೇಳಿದ್ದೀರಿ. ಖಂಡಿತ ನಡೆಯಿತು.

ಮೊದಲಿಗೆ, ಅವರು ಹೊರಗಿನಿಂದ ಬಂದು ಕುರ್ಚಿ ಏರಿದವರಲ್ಲ. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿ, ಅಲ್ಲಿಯೇ ಪ್ರಾಂಶುಪಾಲರಾಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅಲ್ಲಿಯೇ ಓದಿದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ತರಗತಿಯ ಕಷ್ಟ ಬಲ್ಲವರ ಆಡಳಿತವೇ ಬೇರೆ ಎಂದು ನಾನು ಬಲವಾಗಿ ನಂಬುತ್ತೇನೆ.

ಇದ್ದದ್ದು 1960ರವರೆಗೆ, ನಾಲ್ಕೇ ವರ್ಷ. ಅಷ್ಟರಲ್ಲಿ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಸ್ನಾತಕೋತ್ತರ ವಿಭಾಗಗಳಿಗೆಂದೇ ಹೊಸ ಆವರಣ ರೂಪುಗೊಂಡಿತು. ಹೆಸರಿಟ್ಟವರೂ ಅವರೇ: ಮಾನಸಗಂಗೋತ್ರಿ. ಗಂಗೆ ಹುಟ್ಟುವ ಜಾಗ ಗಂಗೋತ್ರಿಯಾದರೆ, ಮನಸ್ಸಿನ ಗಂಗೆ ಹುಟ್ಟುವ ಜಾಗ ಇದು. ಇಂದಿಗೂ ಮೈಸೂರಿನಲ್ಲಿ ಬಸ್ಸಿನ ಫಲಕದ ಮೇಲೆ ಆ ಹೆಸರು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಕವಿಯಲ್ಲದ ಆಡಳಿತಗಾರನಿಗೆ ಅದು ಹೊಳೆಯುತ್ತಿತ್ತೇ?

ಕಾಲೇಜು ಶಿಕ್ಷಣವನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಪಟ್ಟು ಹಿಡಿದರು. ವಿಜ್ಞಾನ ಕನ್ನಡಕ್ಕೆ ಬಗ್ಗದು ಎಂಬ ವಾದಕ್ಕೆ ಅವರು ಮಣಿಯಲಿಲ್ಲ. ಬೋಧನೆ, ಸಂಶೋಧನೆಗಳಷ್ಟೇ ಪ್ರಸಾರವೂ, ಅಂದರೆ ಅರಿವನ್ನು ಜನರಿಗೆ ತಲುಪಿಸುವುದೂ, ವಿಶ್ವವಿದ್ಯಾನಿಲಯದ ಹೊಣೆ ಎಂದರು. ಮೈಸೂರಿಗೆ ಹೋದರೆ ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಿರಿ. ಅವರು ದಿನವೂ ತಿರುಗಾಡುತ್ತಿದ್ದ ದಾರಿ ಅದು.