ಘಾಟಿ ಏರುವಾಗ ಕಾಯುವ ಅಂಬಾಸಿಡರ್

ಪ್ರಶ್ನೆ: ತಂದೆಯವರ ಕಾಲದ ನಮ್ಮ ಅಂಬಾಸಿಡರ್ ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ, ಸಂಪಾಜೆಯಿಂದ ಘಾಟಿ ಹತ್ತುವಾಗ ಮಾತ್ರ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದುಹಾಕಿದರೆ ಸರಿಹೋದೀತೆಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ತೆಗೆಸಬೇಡಿ. ಥರ್ಮೋಸ್ಟಾಟನ್ನು ಬಿಚ್ಚಿ ನೀರಿನಲ್ಲಿಟ್ಟು ಕಾಯಿಸಿದಾಗ, ಅದರ ಮೇಲೆ ನಮೂದಿಸಿರುವ ಉಷ್ಣತೆಯ ಆಸುಪಾಸಿನಲ್ಲಿ ಬಾಯಿ ತೆರೆಯದಿದ್ದರೆ ಹೊಸದನ್ನು ಹಾಕಿಸಿ, ಅಷ್ಟೇ. ನಿಂತಲ್ಲೇ ಬಿಸಿಯಾಗುವ ಕಾರಿನಲ್ಲಿ ಮೊದಲು ಫ್ಯಾನ್ ಬೆಲ್ಟ್ ನೋಡಬೇಕು. ಆದರೆ ನೀವು ಹೇಳುವಂತೆ, ಕೆಳಗಿನ ಗೇರಿನಲ್ಲಿ ಎಂಜಿನ್ ಹೆಚ್ಚು ದುಡಿಯುವಾಗ ಮಾತ್ರ ಬಿಸಿಯಾಗುತ್ತಿದ್ದರೆ, ರೇಡಿಯೇಟರಿನ ನಳಿಕೆಗಳು ಹೂಳಿನಿಂದ ಅರ್ಧ ಕಟ್ಟಿಕೊಂಡಿವೆಯೆಂಬುದೇ ನನ್ನ ಬಲವಾದ ಅನುಮಾನ. ಎಂಜಿನ್ ಆರಿಸಿ, ಫ್ಯಾನ್ ಪೂರ್ತಿ ನಿಂತ ಮೇಲೆ ರೇಡಿಯೇಟರಿನ ಮುಂಭಾಗಕ್ಕೆ ತಾಗದಂತೆ ಅಂಗೈ ಹಿಡಿದು ಸರಿಸುತ್ತಾ ಹೋಗಿ; ಸುತ್ತಲೂ ಬಿಸಿಯಿದ್ದು ನಡುವೆ ಒಂದು ಭಾಗ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ತೋಟದ ರಸ್ತೆಯ ಕೆಸರು ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಒಣಗಿ ಗಾಳಿಯನ್ನು ತಡೆಯುವುದೂ ಉಂಟು. ಇಗ್ನಿಷನ್ ಟೈಮಿಂಗ್, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರುವ ಸಮಯ, ತಡವಾಗಿದ್ದರೂ ಏರಿನಲ್ಲಿ ಹೀಗೆಯೇ ಆಗುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವೆ ಸೋರದಂತೆ ಕೂರಿಸಿದ ಹಾಳೆ) ಪರೀಕ್ಷಿಸುವವರೆಗೆ ಘಾಟಿಗೆ ಇಳಿಯಬೇಡಿ. ಬಿಸಿಯಿರುವಾಗ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.