ಮೊಬೈಲ್ ಹೇಳಿದ ಕಾಯಿಲೆ ನನಗೆ ನಿಜವಾಗಿ ಇದೆಯಾ, ಡಾಕ್ಟರ್?

ಓದುಗರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಬರೆದವರು ತಮ್ಮ ಅಥವಾ ಮನೆಯವರ ಕಾಯಿಲೆಗೆ ತಾವೇ ಒಂದು ಹೆಸರಿಟ್ಟುಕೊಂಡು, ‘ಇದು ಸರಿಯಾ?’ ಎಂದು ಕೇಳಿದ್ದಾರೆ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಗುರುತು ಸಿಗದಂತೆ ಊರು, ಉದ್ಯೋಗ ಬದಲಿಸಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ, ಹಾಸನ ಕಡೆಯವಳು. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ. ಒಂದು ದಿನ ರಾತ್ರಿ ಎರಡು ಗಂಟೆಯವರೆಗೆ ಕಪಾಟು ಜೋಡಿಸುತ್ತೇನೆ, ಬೇಡದ್ದನ್ನೆಲ್ಲ ಆರ್ಡರ್ ಮಾಡುತ್ತೇನೆ. ಮಾರನೇ ದಿನ ಹಾಸಿಗೆಯಿಂದ ಏಳಲಾಗದೆ ಅಳುತ್ತೇನೆ. ರೀಲ್ಸ್ ನೋಡಿದರೆ ಎಲ್ಲ ನನ್ನದೇ ಕಥೆ. ಮೂರು ಆನ್‌ಲೈನ್ ಟೆಸ್ಟ್ ಮಾಡಿದೆ. ಎರಡು ಬೈಪೋಲಾರ್ ಅಂದವು, ಒಂದು ಬಾರ್ಡರ್‌ಲೈನ್ ಪರ್ಸನಾಲಿಟಿ ಅಂತು. ರೂಮ್‌ಮೇಟ್ ‘ಸುಮ್ನೆ ನಾಟಕ’ ಅನ್ನುತ್ತಾಳೆ. ಅಮ್ಮ ‘ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ. ನನಗೆ ಬೈಪೋಲಾರ್ ಇದೆಯಾ? ಡಾಕ್ಟರ್ ಹತ್ತಿರ ಹೋದರೆ ಜೀವನಪೂರ್ತಿ ಮಾತ್ರೆ ನುಂಗಬೇಕಾ? ಕಂಪನಿಗೆ ಗೊತ್ತಾಗುತ್ತಾ?

ಉತ್ತರ: ಒಂದು ಪತ್ರ ಓದಿ ‘ಇದೆ’ ಅಥವಾ ‘ಇಲ್ಲ’ ಎಂದುಬಿಟ್ಟರೆ ಆ ಆನ್‌ಲೈನ್ ಟೆಸ್ಟ್ ಮಾಡಿದ ತಪ್ಪನ್ನೇ ನಾನೂ ಮಾಡಿದಂತೆ. ಆದರೆ ಒಂದು ಮಾತನ್ನು ಖಂಡಿತವಾಗಿ ಹೇಳಬಲ್ಲೆ. ನಿಮ್ಮ ಸಂಕಟ ನಾಟಕವಲ್ಲ. ಹಾಸಿಗೆಯಿಂದ ಏಳಲಾಗದೆ ಅಳುವುದು, ಮರುದಿನ ಅದೇ ಮನಸ್ಸು ಕುದುರೆಯಂತೆ ಓಡುವುದು, ಇಷ್ಟೇ ಸಾಕು, ಒಬ್ಬ ಡಾಕ್ಟರಿಗೆ ತೋರಿಸಲು. ಅದಕ್ಕೆ ಮೊದಲೇ ಕಾಯಿಲೆಯ ಹೆಸರು ನಿಮಗೆ ಗೊತ್ತಿರಬೇಕಾಗಿಲ್ಲ.

ಬೈಪೋಲಾರ್ ಅಂದರೆ ಮನಸ್ಸು ಉನ್ಮಾದ, ಖಿನ್ನತೆ ಎರಡರ ನಡುವೆ ತೂಗಾಡುವ ಕಾಯಿಲೆ. ಅದರಲ್ಲಿ ನಾವು ಮುಖ್ಯವಾಗಿ ಹುಡುಕುವುದು ದಿನಗಳ ಲೆಕ್ಕವನ್ನು. ಉನ್ಮಾದದ ಹಂತ, ಅಂದರೆ ಮೇನಿಯ, ಸಾಮಾನ್ಯವಾಗಿ ಕನಿಷ್ಠ ಒಂದು ವಾರ, ದಿನದ ಬಹುಪಾಲು ಹೊತ್ತು ಇರುತ್ತದೆ. ಅದರ ಸೌಮ್ಯ ರೂಪವೂ ನಾಲ್ಕು ದಿನವಾದರೂ ಇರಬೇಕು. ಆ ದಿನಗಳಲ್ಲಿ ಮೂರು ಗಂಟೆ ಮಲಗಿದರೂ ಆಯಾಸವೇ ಆಗುವುದಿಲ್ಲ, ಮಾತು ನಿಲ್ಲುವುದಿಲ್ಲ, ಮನೆಯವರು ‘ಇವಳು ಎಂದಿನಂತಿಲ್ಲ’ ಎಂದು ಗುರುತಿಸುತ್ತಾರೆ. ನೀವು ಬರೆದದ್ದು ಒಂದು ರಾತ್ರಿಯ ಚುರುಕು, ಮಾರನೇ ದಿನದ ಕುಸಿತ. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ಬಿದ್ದ ದೇಹ ಹೀಗೆಯೇ ನಡೆದುಕೊಳ್ಳಬಲ್ಲದು. ಮುಟ್ಟಿನ ಹಿಂದಿನ ವಾರ ಹೀಗಾಗುವವರಿದ್ದಾರೆ. ನಿದ್ದೆ ತಡೆಯಲು ಕುಡಿದ ಐದಾರು ಕಪ್ ಕಾಫಿಯೂ ಇರಬಹುದು. ಖಿನ್ನತೆ ಇರಬಹುದು. ಬೈಪೋಲಾರೇ ಇದ್ದರೂ ಇರಬಹುದು, ತಳ್ಳಿಹಾಕುವುದಿಲ್ಲ. ಇದನ್ನು ಬಿಡಿಸಿ ನೋಡಬೇಕಾದ ಕಾರಣವೂ ಇದೆ. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಉನ್ಮಾದದ ಕಡೆಗೆ ಹಾರಿಬಿಡುತ್ತದೆ. ಇಲ್ಲಿ ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಇನ್ನು ಆ ಟೆಸ್ಟ್‌ಗಳ ಮಾತು. ಒಳ್ಳೆಯ ಟೆಸ್ಟೂ ಒಂದು ಜರಡಿ ಮಾತ್ರ. ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ: 1000 ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ. ಟೆಸ್ಟ್ ಆ ಹತ್ತರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದವರಲ್ಲಿ ಹತ್ತಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೆ ಕಾಯಿಲೆ ಇಲ್ಲದವರೇ 990 ಮಂದಿ. ಅವರಲ್ಲಿ 99 ಮಂದಿ ಸಿಕ್ಕಿಬೀಳುತ್ತಾರೆ. ಒಟ್ಟು 108 ಮಂದಿಗೆ ‘ನಿಮಗಿದೆ’ ಎಂದು ಕೆಂಪು ಅಕ್ಷರ ಬರುತ್ತದೆ, ನಿಜವಾಗಿ ಇರುವುದು 9 ಮಂದಿಗೆ. ಉಳಿದವರು ಆ ರಾತ್ರಿ ನಿಮ್ಮ ಹಾಗೆಯೇ ನಿದ್ದೆಗೆಡುತ್ತಾರೆ.

ಒಬ್ಬ ಶಾಲಾ ಶಿಕ್ಷಕಿ ಒಪಿಡಿಗೆ ಬಂದವರು ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದರು. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, 27ಕ್ಕೆ 19 ಅಂಕ. ‘ತೀವ್ರ ಡಿಪ್ರೆಷನ್ ಸರ್, ಮಾತ್ರೆ ಬರೆದುಕೊಡಿ’ ಎಂದರು. ಮೊಬೈಲನ್ನು ಮೇಜಿನ ಮೇಲೆ ಬೋರಲು ಇಡಿಸಿ, ‘ಬೆಳಗ್ಗೆ ಎದ್ದಾಗಿನಿಂದ ಹೇಳಿ ಮೇಡಂ’ ಎಂದೆ. ಹೇಳುತ್ತಾ ಹೋದರು. ಎಷ್ಟು ಮಲಗಿದರೂ ಸಾಲದು. ತರಗತಿಯಲ್ಲಿ ಮಕ್ಕಳು ಫ್ಯಾನ್ ಹಾಕಿದರೆ ಇವರಿಗೆ ಚಳಿ. ಬಾಚಣಿಗೆ ತುಂಬ ಕೂದಲು. ಮಾತಾಡುತ್ತಲೇ ಕೈಬಳೆಯನ್ನು ಮೇಲೆ ಸರಿಸಲು ನೋಡುತ್ತಿದ್ದರು, ಅದು ಸರಿಯುತ್ತಿರಲಿಲ್ಲ. ‘ಮೊದಲು ಸಡಿಲ ಇತ್ತು ಸರ್, ಈಗ ಕೈ ಊದಿದೆ’ ಎಂದರು. ರಕ್ತ ಪರೀಕ್ಷೆ ಬರೆದುಕೊಟ್ಟೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕೆಲಸ ತೀರಾ ನಿಧಾನವಾಗಿತ್ತು. ಆ 19 ಅಂಕ ಸುಳ್ಳಾಗಿರಲಿಲ್ಲ, ಅವರು ಪಟ್ಟ ದುಃಖವೂ ಸುಳ್ಳಲ್ಲ. ಬೇರು ಮಾತ್ರ ಕುತ್ತಿಗೆಯಲ್ಲಿತ್ತು. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಕೆಲವು ತಿಂಗಳಲ್ಲಿ ಬಳೆಯೂ ಸಡಿಲವಾಯಿತು, ಮನಸ್ಸೂ ಹಗುರಾಯಿತು. ರಕ್ತಹೀನತೆ, ಬಿ12 ಕೊರತೆಯಲ್ಲೂ ಹೀಗಾಗುವುದುಂಟು. ಯಾವ ರೀಲ್ಸೂ ನಿಮ್ಮ ಬಳೆಯನ್ನು ನೋಡುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಎರಡು ವಾರ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಯಾವ ಶಿಫ್ಟ್, ಮುಟ್ಟಿನ ತಾರೀಕು, ಕಾಫಿ ಎಷ್ಟು, ಖರ್ಚು ಎಷ್ಟು, ಮನಸ್ಸು ಹೇಗಿತ್ತು. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ಅಮ್ಮನನ್ನು ಮೆಲ್ಲಗೆ ಕೇಳಿ. ಅಪಾಯಿಂಟ್‌ಮೆಂಟ್ ಇವತ್ತೇ ತೆಗೆದುಕೊಳ್ಳಿ, ನೋಟ್‌ಬುಕ್ ತುಂಬಲಿ ಎಂದು ಕಾಯಬೇಡಿ. ಅಲ್ಲಿ ಹೋಗಿ ‘ನನಗೆ ಬೈಪೋಲಾರ್’ ಎಂದು ಶುರುಮಾಡಬೇಡಿ, ಆದದ್ದನ್ನು ಹೇಳಿ. ಹೆಸರು ಹೇಳಿದೊಡನೆ ನಿಮ್ಮ ನೆನಪೂ ಆ ಹೆಸರಿಗೆ ಹೊಂದುವುದನ್ನೇ ಹೆಕ್ಕಿಕೊಡುತ್ತದೆ, ಅವಸರದ ಡಾಕ್ಟರ ಕಿವಿಯೂ ಅಷ್ಟನ್ನೇ ಕೇಳುತ್ತದೆ. ಕೊನೆಗೆ ಬೇಕಾದರೆ ‘ನನಗೆ ಈ ಅನುಮಾನವೂ ಇದೆ’ ಎಂದು ಸೇರಿಸಿ.

ಮಾತ್ರೆ ಬೇಕೇ ಬೇಕು ಎಂದೇನಿಲ್ಲ. ನಿದ್ದೆ ಸರಿಮಾಡಿಕೊಳ್ಳುವುದು ಮತ್ತು ಆಪ್ತಸಮಾಲೋಚನೆಯಲ್ಲೇ ಚೇತರಿಸಿಕೊಳ್ಳುವವರಿದ್ದಾರೆ. ಕೆಲವರಿಗೆ ಕೆಲವು ತಿಂಗಳ ಮಾತ್ರೆ, ಇನ್ನು ಕೆಲವರಿಗೆ ದೀರ್ಘಕಾಲ. ಯಾವುದು ಎಂದು ಡಾಕ್ಟರು ಕಾರಣ ಸಹಿತ ಹೇಳಬೇಕು, ಹೇಳದಿದ್ದರೆ ಕೇಳಿ. ಕಂಪನಿಯ ವಿಷಯ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ಗೋಪ್ಯತೆಯನ್ನು ನಿಮ್ಮ ಹಕ್ಕಾಗಿ ಮಾಡಿದೆ. ಡಾಕ್ಟರು ನಿಮ್ಮ ಕಂಪನಿಗೆ ಫೋನ್ ಮಾಡಿ ಹೇಳುವಂತಿಲ್ಲ. ಈ ಮಧ್ಯೆ ‘ಬದುಕೇ ಬೇಡ’ ಎಂಬ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: 31 ವರ್ಷ, ಉಡುಪಿ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಬಗ್ಗೆ ಓದಿದಾಗ ನನ್ನ ಇಡೀ ಜೀವನ ಅರ್ಥವಾಯಿತು. ಡಾಕ್ಟರ್ ಬಳಿ ಹೇಳಿದರೆ ‘ಇಂಟರ್ನೆಟ್ ಓದಬೇಡಿ, ಡಿಗ್ರಿ ಮುಗಿಸಿದ್ದೀರಲ್ಲ’ ಎಂದು ನಕ್ಕು ಕಳಿಸಿದರು. ಮತ್ತೆ ಹೋಗಲು ಮನಸ್ಸಿಲ್ಲ.

ಉತ್ತರ: ಅವರು ನಕ್ಕದ್ದು ತಪ್ಪು. ಡಿಗ್ರಿ ಮುಗಿಸಿದವರಿಗೂ ಎಡಿಎಚ್‌ಡಿ ಇರಬಹುದು. ತರಗತಿಯಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತ ಹೆಣ್ಣುಮಕ್ಕಳನ್ನು ನಮ್ಮ ಕ್ಷೇತ್ರ ವರ್ಷಗಟ್ಟಲೆ ಗುರುತಿಸಲೇ ಇಲ್ಲ. ಓದಿ ತಿಳಿದುಕೊಂಡು ಬಂದದ್ದರಿಂದಲೇ ಚಿಕಿತ್ಸೆ ಸಿಕ್ಕವರನ್ನು ನಾನು ಕಂಡಿದ್ದೇನೆ.

ಹಾಗೆಂದು ಓದಿದ್ದೆಲ್ಲ ಸರಿಯೂ ಅಲ್ಲ. 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ ಕುರಿತು ಹೆಚ್ಚು ಜನ ನೋಡಿದ 100 ವಿಡಿಯೊಗಳನ್ನು ಪರಿಶೀಲಿಸಿದಾಗ 52 ದಾರಿತಪ್ಪಿಸುವಂತಿದ್ದವು. ಬೀಗದ ಕೈ ಎಲ್ಲಿಟ್ಟೆ ಎಂದು ಮರೆಯುವುದು, ಓದುವಾಗ ಮನಸ್ಸು ಅಲೆಯುವುದು, ಇವು ಆತಂಕದಲ್ಲೂ ಉಂಟು, ನಿದ್ದೆಗೆಟ್ಟಾಗಲೂ ಉಂಟು. ಎಡಿಎಚ್‌ಡಿ ಎನ್ನಲು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು, ಕಚೇರಿಯಲ್ಲಷ್ಟೇ ಅಲ್ಲದೆ ಮನೆಯಲ್ಲೂ ಕಾಣಬೇಕು. ಕಳೆದ ಎರಡು ವರ್ಷದಲ್ಲಿ ಶುರುವಾದ ಮರೆವಾದರೆ ಬೇರೆ ಕಾರಣ ಹುಡುಕಬೇಕು.

ಬೇರೆ ಡಾಕ್ಟರನ್ನು ನೋಡಿ. ಪ್ರೈಮರಿ ಶಾಲೆಯ ಅಂಕಪಟ್ಟಿಯಲ್ಲಿ ಟೀಚರ್ ಬರೆದ ಷರಾ ಸಿಕ್ಕರೆ ಒಯ್ಯಿರಿ. ನಿಮ್ಮ ಬಾಲ್ಯ ನೆನಪಿರುವ ಅಮ್ಮನೋ ಅಕ್ಕನೋ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: 43 ವರ್ಷ, ಶಿಕಾರಿಪುರದಲ್ಲಿ ಅಂಗಡಿ ಇದೆ. ಇದ್ದಕ್ಕಿದ್ದಂತೆ ಎದೆ ಡವಡವ, ಬೆವರು, ಸತ್ತೇಹೋಗುತ್ತೇನೆ ಅನ್ನಿಸುತ್ತಿತ್ತು. ಮೂರು ಸಲ ಇಸಿಜಿ, ಒಂದು ಸಲ ಎಕೋ, ಎಲ್ಲ ನಾರ್ಮಲ್. ಮೊಬೈಲ್‌ನಲ್ಲಿ ನೋಡಿದಾಗ ಪ್ಯಾನಿಕ್ ಅಂತ ಗೊತ್ತಾಯಿತು. ಮೆಡಿಕಲ್ ಶಾಪ್‌ನ ಸ್ನೇಹಿತ ಆಲ್ಪ್ರಜೋಲಂ ಅನ್ನೋ ಆತಂಕ ತಗ್ಗಿಸುವ ಮಾತ್ರೆ ಕೊಟ್ಟ. ಎಂಟು ತಿಂಗಳಿಂದ ಆರಾಮ. ಈಗ ಒಂದು ಸಾಲದೆ ಎರಡು ತಗೊಳ್ತಿದ್ದೀನಿ. ಕಾಯಿಲೆ ಗೊತ್ತಾಗಿದೆ, ಮಾತ್ರೆ ಸಿಕ್ಕಿದೆ, ಇನ್ನು ಡಾಕ್ಟರ್ ಯಾಕೆ?

ಉತ್ತರ: ನೀವು ಕೊಟ್ಟ ಹೆಸರು ಸರಿಯಿರಬಹುದು. ನೀವು ಬರೆದ ಲಕ್ಷಣಗಳು ಪ್ಯಾನಿಕ್‌ಗೆ ಹೊಂದುತ್ತವೆ, ಹೃದಯದ ಪರೀಕ್ಷೆಯನ್ನು ಮೊದಲು ಮಾಡಿಸಿದ್ದೂ ಒಳ್ಳೆಯದೇ ಆಯಿತು. ಆದರೂ ನಾಲ್ಕು ಪತ್ರಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ ಪತ್ರಗಳಲ್ಲಿ ನಿಮ್ಮದೂ ಒಂದು.

ಒಂದು ಸಾಲದೆ ಎರಡಾಗಿದೆ ಎಂದಿರಲ್ಲ, ದೇಹ ಆ ಮಾತ್ರೆಗೆ ಒಗ್ಗಿಹೋಗಿದೆ ಎಂಬುದರ ಗುರುತು ಅದು. ಚೀಟಿಯಿಲ್ಲದೆ ಮಾರುವಂತೆಯೇ ಇಲ್ಲದ ಮಾತ್ರೆ ಅದು. ನಿಮ್ಮ ಸ್ನೇಹಿತ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು, ಆದರೆ ಮಾತ್ರೆಯನ್ನು ಇವತ್ತೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ನೀವು ಇದನ್ನು ಓದಿ ನಾಳೆಯೇ ಪೂರ್ತಿ ನಿಲ್ಲಿಸಿದರೆ ಇನ್ನೂ ಅಪಾಯ. ತಿಂಗಳುಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಡುಕ, ನಿದ್ದೆಯಿಲ್ಲದಿರುವಿಕೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ ಉಸ್ತುವಾರಿಯಲ್ಲಿ, ವಾರಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಅಲ್ಲಿಯವರೆಗೆ ಎರಡನ್ನು ಮೂರು ಮಾಡಬೇಡಿ, ಅದರ ಜೊತೆ ಮದ್ಯ ಖಂಡಿತ ಬೇಡ.

ಪ್ಯಾನಿಕ್‌ಗೆ, ದೇಹ ಹೀಗೆ ಒಗ್ಗಿಹೋಗದಂಥ ಬೇರೆ ಮಾತ್ರೆಗಳಿವೆ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತವೆ, ತಾಳ್ಮೆ ಬೇಕು. ಎದೆ ಡವಗುಟ್ಟಿದಾಗ ಹೆದರದಂತೆ ಮನಸ್ಸನ್ನು ಪಳಗಿಸುವ ಚಿಕಿತ್ಸೆಯೂ ಇದೆ, ಪ್ಯಾನಿಕ್‌ನಲ್ಲಿ ಅದು ತುಂಬಾ ಚೆನ್ನಾಗಿ ಫಲಕೊಡುತ್ತದೆ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಕೇಳಿಕೊಂಡು ಹೋಗಿ, ಖಾಲಿಯಾದ ಮಾತ್ರೆಯ ಶೀಟನ್ನು ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ 19. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್. ಮೂರು ತಿಂಗಳಿಂದ ಕಾಲೇಜು ಬಿಟ್ಟು ಕೋಣೆಯಲ್ಲೇ ಇದ್ದಾನೆ. ಸ್ನಾನ ಇಲ್ಲ, ರಾತ್ರಿಯಿಡೀ ಎಚ್ಚರ. ಪಕ್ಕದ ಮನೆಯವರು ತನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ ಎಂದು ಕಿಟಕಿಗೆ ಪೇಪರ್ ಅಂಟಿಸಿದ್ದಾನೆ. ಒಬ್ಬನೇ ನಗುತ್ತಾನೆ. ಡಿಪ್ರೆಷನ್ ಎಂದುಕೊಂಡು ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು, ಅಶ್ವಗಂಧ ಕೊಟ್ಟೆವು. ‘ನನಗೇನೂ ಆಗಿಲ್ಲ, ನಿಮಗೇ ಆಗಿರೋದು’ ಅನ್ನುತ್ತಾನೆ.

ಉತ್ತರ: ತಂದೆಯವರೇ, ಇದು ಬರೀ ಬೇಜಾರಿನ ಹಾಗೆ ಕಾಣುವುದಿಲ್ಲ. ಇಲ್ಲದ ಮಾತು ಕೇಳಿಸುವುದು, ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಅನುಮಾನ ಗಟ್ಟಿಯಾಗುವುದು, ಇಂಥವುಗಳನ್ನು ನಾವು ಸೈಕೋಸಿಸ್ ಎಂಬ ದಿಕ್ಕಿನಲ್ಲಿ ನೋಡುತ್ತೇವೆ. ಇದರಲ್ಲಿ ‘ನನಗೇನೂ ಆಗಿಲ್ಲ’ ಎನ್ನುವುದು ಹಠವಲ್ಲ. ಕಾಯಿಲೆ ಇದೆ ಎಂಬ ಅರಿವನ್ನೇ ಕಾಯಿಲೆ ಕಿತ್ತುಕೊಂಡಿರುತ್ತದೆ. ಅವನಿಗೆ ಆ ದನಿ ನಿಮ್ಮ ದನಿಯಷ್ಟೇ ನಿಜ. ಅಮಲು ಪದಾರ್ಥದಿಂದಲೂ, ಮಿದುಳಿನ ಬೇರೆ ತೊಂದರೆಯಿಂದಲೂ ಹೀಗಾಗಬಹುದು. ಅದನ್ನೂ ಡಾಕ್ಟರೇ ನೋಡಿ ಹೇಳಬೇಕು. ಚಿಕಿತ್ಸೆ ಬೇಗ ಶುರುವಾದಷ್ಟೂ ಹುಡುಗ ಮತ್ತೆ ಕಾಲೇಜಿಗೆ ಮರಳುವ ಸಾಧ್ಯತೆ ಹೆಚ್ಚು. ಮೂರು ತಿಂಗಳು ಆಗಲೇ ಹೋಗಿದೆ.

ದೇವಸ್ಥಾನಕ್ಕೆ ಹೋಗಬೇಡಿ ಎನ್ನುವುದಿಲ್ಲ, ಹೋಗಿ ಬಂದು ಆಸ್ಪತ್ರೆಗೂ ಹೋಗಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವಿದೆ. ಅವನು ಬರಲೊಪ್ಪದಿದ್ದರೆ ಮೊದಲು ನೀವಿಬ್ಬರೇ ಹೋಗಿ ಮಾತಾಡಿ. 14416ಕ್ಕೆ ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಅವನು ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಹಾಗೆ ಕಂಡರೆ, ಊಟ ನೀರು ಬಿಟ್ಟರೆ, ಅದೇ ಹೊತ್ತಿಗೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಂಥ ಸ್ಥಿತಿಯಲ್ಲಿ ಮನೆಯವರ ಬೆಂಬಲದಿಂದ ದಾಖಲಿಸಿಕೊಳ್ಳಲು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಅವಕಾಶವಿದೆ.

ಮನೆಯಲ್ಲಿ ‘ಯಾರೂ ಮಾತಾಡುತ್ತಿಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ವಾದಕ್ಕೆ ಇಳಿಯಬೇಡಿ, ಕಿಟಕಿಯ ಪೇಪರ್ ಕೀಳಬೇಡಿ. ಅವನಿಗೆ ನಿಜವಾಗಿ ಕಾಡುತ್ತಿರುವ ಒಂದನ್ನು ಹಿಡಿದುಕೊಳ್ಳಿ. ಅವನ ಪಕ್ಕ ಕೂತು, ‘ಎಷ್ಟು ರಾತ್ರಿಯಿಂದ ನಿದ್ದೆ ಇಲ್ಲ ನಿನಗೆ, ಮಗಾ. ನೋಡೋಕಾಗ್ತಿಲ್ಲ. ನಿದ್ದೆಗೆ ಒಮ್ಮೆ ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ’ ಎಂದು ಹೇಳಿ ನೋಡಿ. ಇವತ್ತು ಒಪ್ಪದಿದ್ದರೆ ನಾಳೆ ಮತ್ತೆ ಹೇಳಿ.