ಓದುಗರ ಪ್ರಶ್ನೆ: ಸಕ್ಕರೆ ಆರತಿಯ ಬಣ್ಣವೂ ಮಗುವಿನ ಚಡಪಡಿಕೆಯೂ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಗೌರಿ ಹುಣ್ಣಿಮೆಗೆ ತವರಿನಿಂದ ಬಂದ ಸಕ್ಕರೆ ಆರತಿಯಲ್ಲಿ ಕೆಂಪು ಆನೆ, ಹಳದಿ ಕುದುರೆ, ಹಸಿರು ನವಿಲು ಎಂದು ಒಂದೊಂದನ್ನೇ ಆರಿಸಿ ತಿಂದು ಮುಗಿಸಿದ. ಆ ಎರಡು ಮೂರು ದಿನ ಕೂತಲ್ಲಿ ಕೂರಲಿಲ್ಲ, ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚಲಿಲ್ಲ, ಮಾತು ಮಾತಿಗೆ ಹಟ. ಅತ್ತೆಯವರು ಸಕ್ಕರೆ ಹೆಚ್ಚಾಯಿತು ಎನ್ನುತ್ತಾರೆ. ತಂಗಿ ಬಣ್ಣದಿಂದಲೇ ಹೀಗೆ ಎನ್ನುತ್ತಾಳೆ. ಯಾರ ಮಾತನ್ನು ನಂಬಲಿ?
— ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ಮೊದಲು ಸಕ್ಕರೆಯ ಮಾತು. ಸಕ್ಕರೆ ತಿಂದ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಅಮೆರಿಕದಲ್ಲಿಯೂ ಬಲವಾಗಿದೆ. ಅಲ್ಲಿನ ಸಂಶೋಧಕರು ಈ ಬಗೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1995ರಲ್ಲಿ ಪರಿಶೀಲಿಸಿದಾಗ, ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ನಡೆದ ಇನ್ನೊಂದು ಪ್ರಯೋಗವನ್ನು ನಾನು ತಾಯಂದಿರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಅದರಲ್ಲಿ ಯಾವ ಹುಡುಗನಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದು ಕೇಳಿಸಿಕೊಂಡ ತಾಯಂದಿರು ತಮ್ಮ ಮಗನ ತುಂಟತನಕ್ಕೆ ಹೆಚ್ಚು ಅಂಕ ಹಾಕಿದರು, ಅವನನ್ನು ಹೆಚ್ಚು ಗದರಿದರು. ಅತ್ತೆಯವರ ಅನುಭವ ಸುಳ್ಳೆಂದು ಇದರರ್ಥವಲ್ಲ. ಹಬ್ಬದ ಮನೆಯಲ್ಲಿ ನೆಂಟರು, ಗದ್ದಲ, ತಪ್ಪಿದ ಊಟ, ತಪ್ಪಿದ ನಿದ್ದೆ ಎಲ್ಲವೂ ಸಕ್ಕರೆಯ ಜೊತೆಯಲ್ಲಿಯೇ ಬರುವುದರಿಂದ ದೂರು ಕಣ್ಣಿಗೆ ಕಾಣುವ ಸಕ್ಕರೆಯ ಮೇಲೆ ಬೀಳುತ್ತದೆ.

ಬಣ್ಣದ ವಿಷಯವನ್ನು ಹೀಗೆ ತಳ್ಳಿಹಾಕಲು ಬರುವುದಿಲ್ಲ. ಈ ಸಂದೇಹವನ್ನು 1970ರ ದಶಕದಲ್ಲಿ ಮುಂದಿಟ್ಟವರು ಅಮೆರಿಕದ ಅಲರ್ಜಿ ತಜ್ಞ ಬೆಂಜಮಿನ್ ಫೈನ್‌ಗೋಲ್ಡ್. ಅವರ ಮಾತನ್ನು ಹಲವರು ಒಪ್ಪಲಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು–ಒಂಬತ್ತು ವರ್ಷದ ಸುಮಾರು 300 ಸಾಮಾನ್ಯ ಮಕ್ಕಳಿಗೆ ಕೆಲವು ವಾರ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ (ತಿನಿಸು ಕೆಡದಂತೆ ಹಾಕುವ ರಾಸಾಯನಿಕ) ಬೆರೆಸಿದ ಹಣ್ಣಿನ ರಸವನ್ನೂ, ಕೆಲವು ವಾರ ನೋಟಕ್ಕೂ ರುಚಿಗೂ ಅದರಂತೆಯೇ ಇರುವ ಬರಿಯ ರಸವನ್ನೂ ಕೊಟ್ಟರು. ಯಾವ ವಾರ ಯಾವುದು ಎಂಬುದು ಮಕ್ಕಳಿಗಾಗಲಿ, ತಂದೆತಾಯಿಗಾಗಲಿ, ಶಿಕ್ಷಕರಿಗಾಗಲಿ ಗೊತ್ತಿರಲಿಲ್ಲ. ಬಣ್ಣ ಕುಡಿದ ವಾರಗಳಲ್ಲಿ ಚಂಚಲತೆ ಸರಾಸರಿಯಾಗಿ ತುಸು ಹೆಚ್ಚಿತು. ಆ ‘ತುಸು’ ಎಂಬುದನ್ನು ಗಮನಿಸಬೇಕು. ಬಹಳಷ್ಟು ಮಕ್ಕಳಲ್ಲಿ ಏನೂ ಕಾಣದಿದ್ದರೂ ಕೆಲವರಲ್ಲಿ ಬದಲಾವಣೆ ಎದ್ದು ಕಾಣಬಹುದು. ಇದಾದ ಮೇಲೆ, 2010ರ ಜುಲೈನಿಂದ, ಆ ಪ್ರಯೋಗದಲ್ಲಿ ಬಳಸಿದ ಆರು ಬಣ್ಣಗಳಲ್ಲಿ ಯಾವುದೇ ಇರುವ ತಿನಿಸಿನ ಪೊಟ್ಟಣದ ಮೇಲೆ ‘ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಆಗಬಹುದು’ ಎಂಬ ಎಚ್ಚರಿಕೆಯನ್ನು ಯುರೋಪಿನ ಒಕ್ಕೂಟ ಕಡ್ಡಾಯ ಮಾಡಿತು.

ಆ ಆರರಲ್ಲಿ ನಾಲ್ಕಕ್ಕೆ ನಮ್ಮ ದೇಶದಲ್ಲಿ ಅನುಮತಿಯಿದೆ: ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್, ಪೊನ್ಸೊ 4ಆರ್. ಪೊಟ್ಟಣದ ಮೇಲೆ ಇವು ಕ್ರಮವಾಗಿ 102, 110, 122, 124 ಎಂಬ ಸಂಖ್ಯೆಗಳಲ್ಲಿ ಇರುತ್ತವೆ. ನಿಗದಿತ ತಿನಿಸುಗಳಲ್ಲಿ ಮಾತ್ರ, ಸಾಮಾನ್ಯವಾಗಿ ಕಿಲೋಗ್ರಾಂಗೆ 100 ಮಿಲಿಗ್ರಾಂ ಮೀರದಂತೆ ಬಳಸಬೇಕೆಂಬುದು ನಿಯಮ. ಲೆಕ್ಕ ಹಾಕಿ ನೋಡಿ: ಇಂಗ್ಲೆಂಡಿನ ಪ್ರಯೋಗದಲ್ಲಿ ಮೂರು ವರ್ಷದ ಮಕ್ಕಳಿಗೆ ಒಂದು ಮಿಶ್ರಣದಲ್ಲಿ ಕೊಟ್ಟ ಬಣ್ಣ ದಿನಕ್ಕೆ 20 ಮಿಲಿಗ್ರಾಂ. ನಿಯಮದ ಅಂಚಿನವರೆಗೆ ಬಣ್ಣ ಹಾಕಿದ 200 ಗ್ರಾಂ ಮಿಠಾಯಿಯಲ್ಲಿ ಅಷ್ಟೇ ಬಣ್ಣ ಇರುತ್ತದೆ. ಆದರೆ ಸಕ್ಕರೆ ಆರತಿ ಪೊಟ್ಟಣದಲ್ಲಿ ಬರುವುದಿಲ್ಲ. ಕುದಿಯುವ ಪಾಕಕ್ಕೆ ಚಿಟಿಕೆ ಬಣ್ಣ ಉದುರಿಸಿ ಕಟ್ಟಿಗೆಯ ಅಚ್ಚಿಗೆ ಹೊಯ್ಯುವವರ ಕೈಯಳತೆಯೇ ಅಲ್ಲಿ ತಕ್ಕಡಿ. ನಿಮ್ಮ ಮಗನ ನಾಲಿಗೆಯೂ ಬೆರಳುಗಳೂ ಕೆಂಪಾಗಿ, ಸಾಬೂನು ಹಚ್ಚಿ ತೊಳೆದರೂ ಮರುದಿನದವರೆಗೆ ಬಣ್ಣ ಉಳಿದಿದ್ದರೆ, ಚಿಟಿಕೆ ದೊಡ್ಡದಾಗಿತ್ತೆಂದೇ ನನ್ನ ಅನುಮಾನ.

ಹಾಗಾಗಿ ತಂಗಿಯವರ ಮಾತು ನಿಜವಿರಬಹುದು, ಆದರೆ ನಿಮ್ಮ ಮಗನ ಮಟ್ಟಿಗೆ ಅದು ಇನ್ನೂ ಸಾಬೀತಾಗಿಲ್ಲ. ಸಾಬೀತು ಮಾಡುವ ಕೆಲಸ ಮನೆಯಲ್ಲಿಯೇ ಆಗುತ್ತದೆ. ಹಬ್ಬಹುಣ್ಣಿಮೆ, ಜಾತ್ರೆ, ಮದುವೆ ಇಲ್ಲದ ಮೂರು ವಾರಗಳನ್ನು ಆರಿಸಿಕೊಳ್ಳಿ. ಬಣ್ಣದ ಮಿಠಾಯಿ, ಬಣ್ಣದ ಪಾನೀಯ, ಜೆಲ್ಲಿ, ಕೇಕಿನ ಕ್ರೀಮು ಇವನ್ನು ಪೂರ್ತಿ ನಿಲ್ಲಿಸಿ, ಉಳಿದ ಊಟ ಮತ್ತು ಮಲಗುವ ಹೊತ್ತನ್ನು ಎಂದಿನಂತೆಯೇ ಇಟ್ಟು, ಮಗ ಎಷ್ಟು ಹೊತ್ತಿಗೆ ಮಲಗಿದ, ಊಟದ ನಡುವೆ ಎಷ್ಟು ಬಾರಿ ಎದ್ದ ಎಂದು ದಿನವೂ ಒಂದು ಸಾಲು ಬರೆದಿಡಿ. ಶಾಲೆಯ ಶಿಕ್ಷಕಿಗೆ ಏನನ್ನೂ ಹೇಳದೆ ವಾರಕ್ಕೊಮ್ಮೆ ಅವನ ವರ್ತನೆ ಹೇಗಿತ್ತೆಂದು ಮಾತ್ರ ಕೇಳಿ. ಆಮೇಲೆ ಮನೆಯ ಒಬ್ಬರು, ನಿಮಗೆ ತಿಳಿಸದೆ, ಯಾವುದಾದರೂ ಎರಡು ದಿನ ಬಣ್ಣದ ತಿನಿಸು ಕೊಡಲಿ. ನಿಮ್ಮ ಬರಹದಲ್ಲಿ ಆ ಎರಡು ದಿನಗಳು ತಾವಾಗಿ ಎದ್ದು ಕಂಡರೆ ನಿಮಗೆ ಉತ್ತರ ಸಿಕ್ಕಂತೆ. ಇದರ ನೆಪದಲ್ಲಿ ಹಾಲು, ಹಣ್ಣು, ಬೇಳೆ ಬಿಡಿಸಬೇಡಿ. ಬೆಳೆಯುವ ಮಗುವಿನ ತಟ್ಟೆಯನ್ನು ಬರಿದು ಮಾಡುವ ಪಥ್ಯ ಬಣ್ಣಕ್ಕಿಂತ ಹೆಚ್ಚು ಕೆಡುಕು. ಮಕ್ಕಳ ಸಿರಪ್‌ಗಳಲ್ಲಿಯೂ ಇದೇ ಬಣ್ಣಗಳಿರುತ್ತವೆ. ಆದರೂ ವೈದ್ಯರು ಬರೆದ ಔಷಧವನ್ನು ನೀವಾಗಿ ನಿಲ್ಲಿಸದೆ, ಬಣ್ಣವಿಲ್ಲದ್ದು ಸಿಗುತ್ತದೆಯೇ ಎಂದು ಅವರನ್ನೇ ಕೇಳಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಮೂರನೆಯ ತರಗತಿಯ ಒಬ್ಬ ಹುಡುಗ ವರ್ಷವಿಡೀ ಒಂದು ಲೆಕ್ಕವನ್ನೂ ಪೂರ್ತಿ ಮಾಡಿಲ್ಲ. ಬೆಂಚಿನಿಂದ ಬೆಂಚಿಗೆ ಜಿಗಿಯುತ್ತಾನೆ. ಅಂಗಡಿಯ ಬಣ್ಣದ ಪೆಪ್ಪರಮೆಂಟು ಬಿಡಿಸಿದರೆ ಸರಿಹೋಗುತ್ತಾನೆಂದು ಪಾಲಕರಿಗೆ ಹೇಳಬಹುದೇ?
— ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಬಿಡಿಸಿದರೆ ಒಳ್ಳೆಯದೇ, ಆದರೆ ‘ಸರಿಹೋಗುತ್ತಾನೆ’ ಎಂಬ ಭರವಸೆಯನ್ನು ದಯವಿಟ್ಟು ಕೊಡಬೇಡಿ. ವರ್ಷವಿಡೀ, ಮನೆಯಲ್ಲಿಯೂ ಶಾಲೆಯಲ್ಲಿಯೂ ಒಂದೇ ಬಗೆಯಾಗಿ ಇರುವ ಚಂಚಲತೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಕಾರಣವಿರಬಹುದು. ಅದು ಬಹುಮಟ್ಟಿಗೆ ಹುಟ್ಟಿನಿಂದ, ವಂಶದಿಂದ ಬರುವಂಥದ್ದು. ಬಣ್ಣ ಅದನ್ನು ಹುಟ್ಟಿಸುವುದಿಲ್ಲ, ಕೆಲವರಲ್ಲಿ ತುಸು ಹೆಚ್ಚಿಸಬಹುದು ಅಷ್ಟೇ. ರಕ್ತಹೀನತೆ, ಕಿವಿ ಸರಿಯಾಗಿ ಕೇಳಿಸದಿರುವುದು, ಹಲಗೆಯ ಮೇಲಿನ ಅಕ್ಷರ ಕಾಣದಿರುವುದು, ರಾತ್ರಿ ಮೊಬೈಲಿನಿಂದ ಕೆಟ್ಟ ನಿದ್ದೆ, ಇವೂ ಮಗುವನ್ನು ಹೀಗೆಯೇ ಕಾಣಿಸುತ್ತವೆ. ಪೆಪ್ಪರಮೆಂಟು ಬಿಡಿಸಿ ಒಂದು ವರ್ಷ ಕಾದರೆ ಆ ಹುಡುಗನ ಒಂದು ವರ್ಷ ಹೋಯಿತು. ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಲು ಹೇಳಿ. ನೀವು ತರಗತಿಯಲ್ಲಿ ಕಂಡದ್ದನ್ನು ಒಂದು ಪುಟ ಬರೆದು ಕೊಡಿ. ವೈದ್ಯರಿಗೆ ಆ ಪುಟ ಬಹಳ ಬೆಲೆಯುಳ್ಳದ್ದು.

ಪ್ರಶ್ನೆ: ಮನೆಯಲ್ಲಿ ಹುಟ್ಟುಹಬ್ಬದ ಕೇಕು ಮಾಡಿ ಮಾರುತ್ತೇನೆ. ಗೋಬಿ ಮಂಚೂರಿಯ ಬಣ್ಣ ನಿಷೇಧವಾದ ಮೇಲೆ ಗ್ರಾಹಕರು ನನ್ನನ್ನೂ ಪ್ರಶ್ನಿಸುತ್ತಿದ್ದಾರೆ. ಕೇಕಿನ ಬಣ್ಣವೂ ನಿಷಿದ್ಧವೇ?
— ಟಿಳಕವಾಡಿ, ಬೆಳಗಾವಿ

ಉತ್ತರ: ಅಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ, ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್–ಬಿಯನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಸಲ್ಲದೆಂದಿತು. ರೋಡಮಿನ್–ಬಿ ಬಟ್ಟೆಗೆ ಹಾಕುವ ಬಣ್ಣ; ಯಾವ ತಿನಿಸಿನಲ್ಲಿಯೂ ಅದಕ್ಕೆ ಜಾಗವಿಲ್ಲ. ಕೇಕಿಗೆ ಅನುಮತಿ ಇರುವ ಬಣ್ಣಗಳನ್ನು ಮಿತಿಯೊಳಗೆ ಬಳಸಬಹುದು. ಹೆಸರೂ ಸಂಖ್ಯೆಯೂ ಇಲ್ಲದ, ಚಿಲ್ಲರೆಯಾಗಿ ಕಟ್ಟಿಕೊಡುವ ಪುಡಿಯನ್ನು ಮಾತ್ರ ಮುಟ್ಟಬೇಡಿ. ಶೀಸೆಯ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ.

ಆದರೂ ನೀವು ಕೇಕು ಮಾಡುವುದು ಮಕ್ಕಳಿಗಾಗಿ, ಆದ್ದರಿಂದ ಬಣ್ಣವಿಲ್ಲದೆ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮೂರಿನ ಕುಂದಾದ ಕಂದು ಬಣ್ಣ ಹಾಲನ್ನು ತಾಳ್ಮೆಯಿಂದ ಕಾಯಿಸಿದ್ದರಿಂದ ಬಂದದ್ದೇ ಹೊರತು ಶೀಸೆಯಿಂದಲ್ಲ. ಬೀಟ್‌ರೂಟಿನ ರಸ ಒಲೆಯ ಕಾವಿಗೆ ಮಾಸುತ್ತದೆ, ಆದ್ದರಿಂದ ಅದನ್ನು ಕೇಕಿನ ಹಿಟ್ಟಿಗೆ ಬೆರೆಸದೆ, ಮೇಲೆ ಹಚ್ಚುವ ಕ್ರೀಮಿಗೆ ಎರಡು ಹನಿ ನಿಂಬೆರಸದೊಂದಿಗೆ ಸೇರಿಸಿ. ಅರಿಸಿನ ಹಾಕಿದ ಹಿಟ್ಟಿಗೆ ಅಡುಗೆ ಸೋಡಾ ಹೆಚ್ಚಾದರೆ ಹಳದಿ ಕೆಂಪಿಗೆ ತಿರುಗುತ್ತದೆ; ಹಳದಿಯೇ ಬೇಕಿದ್ದರೆ ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಹಾಕಿ.